ಕೊಪ್ಪಳದಿಂದ ಹೊರದೇಶಕ್ಕ ವಾಲಂಟಿಯರ್ ಆಗಿ ಹೋಗೋದಂದ್ರ ಏನು, ತಯಾರಿ ಹೆಂಗ ಮಾಡ್ಕೋಬೇಕು

ನಮ್ಮ ಓಣ್ಯಾಗ ಒಬ್ಬಾಕಿ ಹುಡುಗಿ ಅದಾಳ, ನರ್ಸಿಂಗ್ ಮುಗಿಸಿ ನಾಲ್ಕು ವರ್ಷ ದವಾಖಾನ್ಯಾಗ ಕೆಲಸ ಮಾಡ್ಯಾಳ. ಹೋದ ತಿಂಗಳು ಆಫ್ರಿಕಾ ಕಡಿ ವಾಲಂಟಿಯರ್ ಆಗಿ ಹೋಗ್ತೀನಿ ಅಂತ ಮನ್ಯಾಗ ಹೇಳಿದ್ಲು. ಅವ್ರವ್ವ ಮರುದಿನ ಮುಂಜಾನಿ ನಮ್ಮ ಮನಿಗೆ ಬಂದು "ತಮ್ಮಾ, ಇದು ನೌಕರಿನೋ, ಸೇವಾನೋ, ಯಾರರ ಮೋಸ ಮಾಡಾಕತ್ಯಾರೋ, ನನಗ ತಿಳಿಯೋ ಹಂಗ ಹೇಳು" ಅಂದ್ರು. 2026ನ್ನ ವಿಶ್ವಸಂಸ್ಥೆ ಸ್ವಯಂಸೇವಕರ ಅಂತರರಾಷ್ಟ್ರೀಯ ವರ್ಷ ಅಂತ ಘೋಷಣಾ ಮಾಡೈತಿ, ಅದರ ಹೆಸರಿನ ಮ್ಯಾಲ ಖರೇ ಸುದ್ದಿನೂ ಸುಳ್ಳು ಸುದ್ದಿನೂ ವಾಟ್ಸಾಪ್‌ನ್ಯಾಗ ಕೂಡೇ ಬರ್ತಾವ. ನಾನು ಕುಷ್ಟಗಿ ಕಡಿ ಕೆಲವು ವರ್ಷ ನೀರಿನ ಕೆಲಸದಾಗ ಇದ್ದಾವ, ಈ ವಿಷಯ ಓದಿ, ಹೋಗಿ ಬಂದವ್ರನ್ನ ಕೇಳಿ ತಿಳ್ಕೊಂಡಿದ್ದು ಸ್ವಲ್ಪ ಐತಿ. ಆ ಅವ್ವಗ ಹೇಳಿದ್ದನ್ನ ಇಲ್ಲಿ ಬರೀತೀನಿ, ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಹುಡುಗ್ರಿಗೆ ಉಪಯೋಗ ಆಗ್ಲಿ ಅಂತ.

ನೌಕರಿನೋ, ಸೇವಾನೋ?

ಎರಡರ ನಡುವ. ನೌಕರಿ ಅಂದ್ರ ಪಗಾರ, ಪ್ರಮೋಷನ್. ಜಾತ್ರಿ ದಾಸೋಹದಾಗ ರೊಟ್ಟಿ ಬಡಿಯಾಕ ಹೋಗೋದು ಪೂರಾ ಸೇವಾ, ಅಲ್ಲಿ ಯಾರೂ ರೊಕ್ಕ ಕೊಡಂಗಿಲ್ಲ, ಸಂಜಿಗೆ ಮನಿಗೆ ಬಂದು ಮಲಗ್ತೀವಿ. ಹೊರದೇಶದಾಗ ವರ್ಷಗಟ್ಟಲೆ ಹಂಗ ಇರಾಕ ಆಗಂಗಿಲ್ಲ, ಬಾಡಿಗಿ ಕಟ್ಟಬೇಕು, ಊಟ ಮಾಡಬೇಕು. ಅದಕ್ಕ ಚೊಲೊ ಸಂಸ್ಥೆಗಳು ಪಗಾರ ಅಂತಲ್ಲ, ಜೀವನ ಭತ್ಯೆ ಅಂತ ಕೊಡ್ತಾವ. ಆ ಊರಾಗ ಸಾದಾ ರೀತಿ ಬದುಕಾಕ ಎಷ್ಟು ಬೇಕೋ ಅಷ್ಟು. ಜೋಡಿಗೆ ವಿಮಾನದ ಟಿಕೆಟ್, ಆರೋಗ್ಯ ವಿಮೆ, ಹೋದ ಕೂಡ್ಲೇ ಮನಿ ಹೂಡಾಕ ಸ್ವಲ್ಪ ರೊಕ್ಕ. ಉಳಿಸಿ ಹೊಲ ಖರೀದಿ ಮಾಡ್ತೀನಿ, ಅಕ್ಕನ ಮದುವಿ ಮಾಡ್ತೀನಿ ಅನ್ನೋರಿಗೆ ಇದು ದಾರಿ ಅಲ್ಲ, ಅದನ್ನ ಮೊದಲ ಮನ್ಯಾಗ ಕುಂತು ಮಾತಾಡ್ಕೋಬೇಕು.

ದೊಡ್ಡ ಸಂಸ್ಥೆ ಅಂದ್ರ ವಿಶ್ವಸಂಸ್ಥೆಯ ಯುಎನ್ ವಾಲಂಟಿಯರ್ಸ್. 1970ರಾಗ ವಿಶ್ವಸಂಸ್ಥೆಯ ಮಹಾಸಭೆ ಇದನ್ನ ಶುರು ಮಾಡ್ತು, ಕೇಂದ್ರ ಕಚೇರಿ ಜರ್ಮನಿಯ ಬಾನ್ ಊರಾಗ ಐತಿ. 18ರಿಂದ 26 ವಯಸ್ಸಿನವ್ರಿಗೆ ಯುವ ವಾಲಂಟಿಯರ್ ಅಂತ ಒಂದು ದಾರಿ, 27 ದಾಟಿದವ್ರಿಗೆ ಮೂರು ವರ್ಷದ ಅನುಭವ ಇದ್ರ ಸ್ಪೆಷಲಿಸ್ಟ್ ಅಂತ ಇನ್ನೊಂದು. ಡಾಕ್ಟರ್, ನರ್ಸ್, ನೀರು-ನೈರ್ಮಲ್ಯದ ಕೆಲಸ ಗೊತ್ತಿದ್ದವ್ರು ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಕಡಿನೂ ನೋಡಬಹುದು, 1971ರಾಗ ಫ್ರಾನ್ಸ್‌ನ್ಯಾಗ ಹುಟ್ಟಿದ ಸಂಸ್ಥೆ, ದಿಲ್ಲಿಯೊಳಗ ಅವ್ರ ಆಫೀಸ್ ಐತಿ. ಪೀಸ್ ಕೋರ್ ಅನ್ನೋ ಹೆಸರು ಕೇಳಿರಬಹುದು, ಅದು ಅಮೆರಿಕಾ ಸರಕಾರದ ವಾಲಂಟಿಯರ್ ಸಂಸ್ಥೆ, ಅಲ್ಲಿಯ ಪ್ರಜೆಗಳಿಗಷ್ಟ. 1961ರಿಂದ 1976ರ ತನಕ ಅವ್ರ ವಾಲಂಟಿಯರ್‌ಗಳು ನಮ್ಮ ದೇಶಕ್ಕ ಬರ್ತಿದ್ರು, ಅಂದ್ರ ಒಂದು ಕಾಲಕ್ಕ ವಾಲಂಟಿಯರ್ ಬಂದು ಇಳಿಯೋ ದೇಶ ನಮ್ದು, ಈಗ ನಮ್ಮ ಹುಡುಗ್ರು ಬ್ಯಾರೆ ಕಡಿ ಹೋಗ್ತಾರ.

ಇನ್ನೊಂದು ನಮೂನಿ ಐತಿ. ನೀವ ಸಾವಿರಾರು ರೂಪಾಯಿ ಕಟ್ಟಿ ಎರಡು ವಾರ ಹೋಗಿ ಸಾಲಿಗೆ ಬಣ್ಣ ಹಚ್ಚಿ, ಅನಾಥಾಶ್ರಮದ ಹುಡುಗ್ರ ಜೋಡಿ ಫೋಟೋ ತಗಸ್ಕೊಂಡು ಬರೋದು. ಇದು ಪ್ರವಾಸ. ಅದರಾಗೂ ಅನಾಥಾಶ್ರಮದ್ದು ಗಂಭೀರ ಸಮಸ್ಯೆ, ಯಾಕಂದ್ರ ನೇಪಾಳ, ಕಾಂಬೋಡಿಯಾದಂಥ ದೇಶದಾಗ ತಾಯಿ-ತಂದಿ ಇದ್ದ ಕೂಸುಗಳನ್ನೂ ವಿದೇಶಿಗರ ರೊಕ್ಕಕ್ಕಾಗಿ ಆಶ್ರಮದಾಗ ತಂದು ಇಟ್ಟಿದ್ದು ಹೊರಗ ಬಂದೈತಿ, 2019ರಾಗ ವಿಶ್ವಸಂಸ್ಥೆಯ ಮಹಾಸಭೆನೂ ಇದರ ಬಗ್ಗೆ ಎಚ್ಚರಿಕೆ ಕೊಟ್ಟೈತಿ. ಈ ನಮೂನಿ ಪ್ರೋಗ್ರಾಂಗೆ ಹೋಗಬ್ಯಾಡ್ರಿ ಅಂತ ನಾನು ಬಾಯಿಬಿಟ್ಟು ಹೇಳ್ತೀನಿ.

"ಡೆವಲಪಿಂಗ್ ದೇಶ" ಅಂದ್ರ ಯಾವ್ದು?

ಒಂದ ಪಟ್ಟಿ ಇಲ್ಲ. ವಿಶ್ವಬ್ಯಾಂಕ್ ತಲಾ ಆದಾಯದ ಮ್ಯಾಲ ದೇಶಗಳನ್ನ ನಾಲ್ಕು ಮೆಟ್ಲ ಮಾಡೈತಿ, ನಾವು ಕೆಳಗಿನಿಂದ ಎರಡನೇ ಮೆಟ್ಲದಾಗ ಅದೀವಿ. ವಿಶ್ವಸಂಸ್ಥೆ 1971ರಿಂದ ಅತಿ ಹಿಂದುಳಿದ ದೇಶಗಳ ಪಟ್ಟಿ ಇಟ್ಟೈತಿ, ಅದರಾಗ ಹೆಚ್ಚಿನವು ಆಫ್ರಿಕಾದವು. ಭೂತಾನ್ 2023ರಾಗ ಆ ಪಟ್ಟಿಯಿಂದ ಮ್ಯಾಲ ಬಂತು. ನಮ್ಮ ಭಾಗಕ್ಕ 371ಜೆ ಇದ್ದಂಗ ಅನ್ರಿ, ಹಿಂದುಳಿದದ್ದು ಅಂತ ಗುರುತು ಮಾಡಿದ್ರ ವಿಶೇಷ ಸವಲತ್ತು ಸಿಗ್ತೈತಿ, ಆದ್ರ ಆ ಹಣೆಪಟ್ಟಿ ನೋಡಿ ಅಲ್ಲಿ ಏನೂ ಇಲ್ಲ ಅನ್ಕೊಂಡ್ರ ತಪ್ಪು. ರಾಯಚೂರು ಹಿಂದುಳಿದ ಜಿಲ್ಲಾ ಅಂತ ಓದಿ ಬಂದವ್ರು ಶಕ್ತಿನಗರದ ಕರೆಂಟು, ಹಟ್ಟಿಯ ಬಂಗಾರ, ಸಿಂಧನೂರಿನ ಭತ್ತದ ಗದ್ದಿ ನೋಡಿ ಹೆಂಗ ಬೆರಗಾಗ್ತಾರೋ, ನೈರೋಬಿಯೊಳಗ ಇಳಿದ ನಮ್ಮವ್ರಿಗೂ ಹಂಗ ಆಗ್ತೈತಿ.

ನಮ್ಮ ಬೋರಿಂಗ್ ಅಲ್ಲಿಗೂ ಹೋಗೈತಿ

ನಾನು ಭಾಳ ಹೊತ್ತು ಮಾತಾಡಬೇಕಂತಿರೋ ಭಾಗ ಇದು. ಹಳ್ಳ್ಯಾಗ ನಾವು ಬೋರಿಂಗ್ ಅಂತೀವಲ್ಲ, ಕೈಲೆ ಒತ್ತಿ ನೀರು ಹೊಡಿಯೋದು, ಅದರ ಹೆಸರು ಇಂಡಿಯಾ ಮಾರ್ಕ್ 2. 1970ರ ದಶಕದ ಬರಗಾಲದ ಹೊತ್ತಿಗೆ ಹಳೇ ಎರಕದ ಕಬ್ಬಿಣದ ಪಂಪು ಹಳ್ಳಿ ಮಂದಿಯ ಬಳಕಿಗೆ ತಡೀಲಿಲ್ಲ, ಮುರದು ಮುರದು ಬಿದ್ವು. ಆಗ ಸೊಲ್ಲಾಪುರದ ಒಂದು ವರ್ಕ್‌ಶಾಪಿನ್ಯಾಗ ತಯಾರಾದ ಗಟ್ಟಿ ಪಂಪನ್ನ ಮುಂದಿಟ್ಕೊಂಡು ಯುನಿಸೆಫ್ ಮತ್ತ ನಮ್ಮ ಎಂಜಿನಿಯರ್‌ಗಳು ಸೇರಿ ಹೊಸಾ ಡಿಸೈನ್ ಮಾಡಿದ್ರು. ಅದು ಲಕ್ಷಗಟ್ಟಲೆ ಆತು, ಆಫ್ರಿಕಾಕ್ಕೂ ಹೋತು, ಉಗಾಂಡದಾಗ ಅದನ್ನ ಯು2 ಅಂತ ಕರೀತಾರ. ಅಂದ್ರ ಯಲಬುರ್ಗಾದ ಪಂಪ್ ಮೆಕ್ಯಾನಿಕ್ ಉಗಾಂಡದ ಹಳ್ಳ್ಯಾಗ ಇಳಿದ್ರ ಚೈನು, ಬೇರಿಂಗು, ಸಿಲಿಂಡರಿನ ಲೆದರ್ ವಾಷರು ಎಲ್ಲಾ ಗುರುತಿನವ.

ಅಲ್ಲಿಂದ ನಮ್ಮ ಕಡಿಗೆ ಬಂದದ್ದೂ ಐತಿ. ಜೋಳ ನಮ್ದು ಅಂತೀವಿ, ಅದು ಮೊದಲು ಬೆಳೆದದ್ದು ಆಫ್ರಿಕಾದ ಸುಡಾನ್-ಇಥಿಯೋಪಿಯಾ ಕಡಿ. ರಾಗಿನೂ ಪೂರ್ವ ಆಫ್ರಿಕಾದ ಎತ್ತರದ ನೆಲದ್ದು. ರೊಟ್ಟಿ ಜೋಡಿ ಹಚ್ಕೊಳ್ಳೋ ಗುರೆಳ್ಳು ಇಥಿಯೋಪಿಯಾದ್ದು, ಅಲ್ಲಿ ನೂಗ್ ಅಂತಾರ, ಇವತ್ತಿಗೂ ಅದರ ಎಣ್ಣಿ ತಗದು ಅಡಗಿ ಮಾಡ್ತಾರ.

ಫ್ಲೋರೈಡಿನ ವಿಷಯನೂ ಹಂಗ. ಕುಷ್ಟಗಿ, ಲಿಂಗಸುಗೂರು ಕಡಿ ಬೋರಿನ ನೀರಿನ್ಯಾಗ ಫ್ಲೋರೈಡ್ ಹೆಚ್ಚಾಗಿ ಹಲ್ಲು ಹಳದಿ ಆಗೋದು, ವಯಸ್ಸಾದಂಗ ಸೊಂಟ ಬಗ್ಗೋದು ನಾವು ಕಣ್ಣಾರೆ ನೋಡೀವಿ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರ್ದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತೈತಿ. ಇಥಿಯೋಪಿಯಾ, ಕೀನ್ಯಾ, ಟಾಂಜಾನಿಯಾದ ರಿಫ್ಟ್ ಕಣಿವೆಯಾಗೂ ಇದ ಗೋಳು. ನಮ್ಮ ಬಾಜೂನ ತೆಲಂಗಾಣದ ನಲ್ಗೊಂಡದ ಹೆಸರಿನ ಮ್ಯಾಲ ಒಂದು ಪದ್ಧತಿ ಐತಿ, ನೀರಿಗೆ ಪಟಿಕ, ಸುಣ್ಣ ಹಾಕಿ ಕಲಕಿ ಫ್ಲೋರೈಡನ್ನ ಕೆಳಗ ಇಳಿಸೋದು. ಅದನ್ನ ಇಥಿಯೋಪಿಯಾದಾಗ, ಟಾಂಜಾನಿಯಾದಾಗ ಮಾಡಿ ನೋಡಿದ್ರು. ನೀರು ಚೊಲೊ ಆತು. ಆದ್ರ ದಿನಾ ಅಳತಿ ಪ್ರಕಾರ ಹಾಕೋರು ಬೇಕು, ತಳದಾಗ ಕುಂತ ರಾಡಿ ತಗದು ದೂರ ಚೆಲ್ಲೋರು ಬೇಕು, ಅದು ತಪ್ಪಿದ ಕಡಿ ಕೆಲಸ ನಿಂತು ಹೋತು. ಕೀನ್ಯಾದಾಗ ದನದ ಎಲುಬು ಸುಟ್ಟ ಇದ್ದಿಲಿನ ಫಿಲ್ಟರ್ ಇಟ್ಟು ನೋಡಿದ್ರು, ಅದು ಫ್ಲೋರೈಡ್ ಚೊಲೊ ಹಿಡಿತೈತಿ. ಅದನ್ನ ತಂದು ನಮ್ಮೂರಾಗ ಇಟ್ರ ಎಷ್ಟು ಮನಿಯವ್ರು ಆ ನೀರು ಕುಡಿದಾರು, ನೀವ ವಿಚಾರ ಮಾಡ್ರಿ.

ಇಲ್ಲೇ ವಾಲಂಟಿಯರ್ ಕೆಲಸ ಏನಂತ ತಿಳೀತೈತಿ. ಬರಗಾಲ ಕಂಡ ಸೀಮಿಯಿಂದ ಹೋಗೋದು ನಮಗ ಬಲ, ಟ್ಯಾಂಕರ್ ಹಾದಿ ಕಾಯೋದು ಗೊತ್ತು, ಕರೆಂಟ್ ಇಲ್ಲದ ರಾತ್ರಿ ಗೊತ್ತು. ಆದ್ರ ಅದರಿಂದನ ಒಂದು ಅಪಾಯ ಐತಿ, "ಇದೆಲ್ಲಾ ನಾವು ನೋಡಿದ್ದ" ಅಂತ ಮೊದಲ ವಾರದಾಗ ಸಲಹಾ ಕೊಡಾಕ ಶುರು ಮಾಡೋದು. ಪಂಪು ನಿಂತಿದ್ದು ವಾಷರ್ ಸವದಿದ್ದಕ್ಕ ಅಂತ ನಮಗ ಕಾಣ್ತೈತಿ, ಆದ್ರ ವಾಷರ್ ತರಾಕ ಮನಿಗಿಷ್ಟು ಅಂತ ರೊಕ್ಕ ಯಾರು ಕೂಡಿಸ್ತಿದ್ರು, ಅವ್ರ ಮ್ಯಾಲ ಊರವ್ರಿಗೆ ಯಾಕ ನಂಬಿಕಿ ಹೋತು ಅನ್ನೋದು ಕಾಣಂಗಿಲ್ಲ, ಅದು ತಿಳಿಯಾಕ ತಿಂಗಳುಗಟ್ಟಲೆ ಕಟ್ಟಿ ಮ್ಯಾಲ ಕುಂತು ಕೇಳಬೇಕು. ನೀವು ಸ್ವತಃ ಹತ್ತು ಪಂಪು ರಿಪೇರಿ ಮಾಡಿದ್ರ ನೀವು ಬಂದ ಮ್ಯಾಲ ಹತ್ತೂ ಮತ್ತ ಕೆಡ್ತಾವ, ಅಲ್ಲಿಯ ಇಬ್ಬರಿಗೆ ಕಲಿಸಿದ್ರ ಕೆಲಸ ನಡೀತೈತಿ. ಅದಕ್ಕ ಹೋಗೋ ಮೊದಲು ನಿಮ್ಮ ಕೆಲಸ ಬ್ಯಾರೆಯವ್ರಿಗೆ ಕಲಿಸೋದನ್ನ ಇಲ್ಲೇ ರೂಢಿ ಮಾಡ್ಕೊಳ್ರಿ, ನಿಮ್ಮೂರಿನ ಸ್ತ್ರೀಶಕ್ತಿ ಸಂಘದಾಗೋ, ಸಾಲ್ಯಾಗೋ, ಆರು ತಿಂಗಳು.

ಕಾಗದ ಪತ್ರ

ಪಾಸ್‌ಪೋರ್ಟ್ ಇಲ್ಲಂದ್ರ ಇವತ್ತ ಅರ್ಜಿ ಹಾಕ್ರಿ, ದೊಡ್ಡವ್ರಿಗೆ 36 ಪುಟದ ಸಾದಾ ಪಾಸ್‌ಪೋರ್ಟಿಗೆ 1,500 ರೂಪಾಯಿ, ಹತ್ತು ವರ್ಷ ನಡೀತೈತಿ. ಹೋಗೋ ದಿನಕ್ಕ ಅದರ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು ಅಂತ ಭಾಳ ದೇಶ ಕೇಳ್ತಾವ. ಹತ್ತನೇತ್ತಿ ಪಾಸಾದ ಮಾರ್ಕ್ಸ್ ಕಾರ್ಡ್ ಕೊಡ್ರಿ, ಇಲ್ಲಂದ್ರ ಇಸಿಆರ್ ಅಂತ ಗುರುತು ಬೀಳ್ತೈತಿ, ಅಂದ್ರ ಸುಡಾನ್, ಲಿಬಿಯಾ, ಗಲ್ಫ್ ಸೇರಿ ಕೆಲವು ದೇಶಕ್ಕ ಕೆಲಸಕ್ಕ ಹೋಗಾಕ ಸರಕಾರದ ಪರವಾನಿಗಿ ಬ್ಯಾರೆ ತಗೋಬೇಕಾಗ್ತೈತಿ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೂ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನ್ಯಾಗ ಅರ್ಜಿ ಹಾಕಬೇಕು.

ಡಿಗ್ರಿ ಸರ್ಟಿಫಿಕೇಟಿಗೆ ಅಪೊಸ್ಟೀಲ್ ಅಂತ ಒಂದು ಮುದ್ರಿ ಕೇಳ್ತಾರ. ಇದು ಏನಂದ್ರ, ನಮ್ಮೂರ ಸಾಲಿ ಸರ್ಟಿಫಿಕೇಟ್ ಖರೇ ಅಂತ ಅಲ್ಲಿ ಆಫೀಸರಿಗೆ ಹೆಂಗ ಗೊತ್ತಾಗಬೇಕು? ಮೊದಲು ರಾಜ್ಯ ಸರಕಾರ ಹೌದು ಅಂತೈತಿ, ಅದರ ಮ್ಯಾಲ ವಿದೇಶಾಂಗ ಇಲಾಖಿ ಮುದ್ರಿ ಹಾಕ್ತೈತಿ, ಅಪೊಸ್ಟೀಲ್ ಒಪ್ಪಂದಕ್ಕ ಸೇರಿದ ಹೆಚ್ಚಿನ ದೇಶಗಳು ಆ ಮುದ್ರಿ ನಂಬ್ತಾವ. ಭಾರತ 2005ರಾಗ ಸೇರೈತಿ. ಸೇರದ ದೇಶಕ್ಕ ಹೋಗೋದಿದ್ರ ಆ ದೇಶದ ರಾಯಭಾರ ಕಚೇರಿಯ ಮುದ್ರಿನೂ ಬೇಕು. ಇದಕ್ಕ ವಾರಗಟ್ಟಲೆ ಹಿಡಿತೈತಿ, ಕಡಿ ಗಳಿಗ್ಯಾಗ ಓಡಾಡಬ್ಯಾಡ್ರಿ. ನರ್ಸ್, ಡಾಕ್ಟರ್ ಇದ್ದವ್ರಿಗೆ ಅಲ್ಲಿಯ ಕೌನ್ಸಿಲ್ಲಿನ ನೋಂದಣಿ ಬೇಕಾಗ್ತೈತಿ, ಅದನ್ನ ಸಂಸ್ಥೆನ ಮಾಡಿಸ್ತೈತೋ ಇಲ್ಲೋ ಕೇಳ್ರಿ. ಮತ್ತ ಟೂರಿಸ್ಟ್ ವೀಸಾದ ಮ್ಯಾಲ ಹೋಗಿ ಕೆಲಸ ಮಾಡ್ರಿ ಅಂತ ಯಾರರ ಅಂದ್ರ ಒಪ್ಪಬ್ಯಾಡ್ರಿ, ಸಿಕ್ಕಿಬಿದ್ರ ಶಿಕ್ಷಾ ನಿಮಗ. ಬೈಕ್, ಜೀಪ್ ಓಡಿಸೋ ಕೆಲಸ ಇದ್ರ ನಮ್ಮ ಆರ್‌ಟಿಓದಾಗ ಅಂತರರಾಷ್ಟ್ರೀಯ ಪರ್ಮಿಟ್ ಕೊಡ್ತಾರ, ಒಂದು ವರ್ಷದ್ದು.

ಮೊದಲ ಸಲ ಹೋಗೋರಿಗೆ ನೇಪಾಳ ಹಗುರ. ಅಲ್ಲಿಗೆ ನಮಗ ವೀಸಾನೂ ಬೇಕಿಲ್ಲ, ಪಾಸ್‌ಪೋರ್ಟ್ ಇಲ್ಲದಿದ್ರೂ ವೋಟರ್ ಕಾರ್ಡ್ ನಡೀತೈತಿ.

ಲಸಿಕಿ ಮತ್ತ ಸೊಳ್ಳಿ

ಆಫ್ರಿಕಾದ ಭಾಳ ದೇಶಕ್ಕ, ಉಗಾಂಡ, ಕೀನ್ಯಾ, ಇಥಿಯೋಪಿಯಾ ಅಂಥವಕ್ಕ, ಹೋಗೋರಿಗೆ ಯೆಲ್ಲೋ ಫೀವರ್ ಲಸಿಕಿ ಬೇಕೇ ಬೇಕು. ಇದು ಸೊಳ್ಳಿಯಿಂದ ಹರಡೋ ಜಡ್ಡು, ನಮ್ಮ ದೇಶದಾಗ ಇಲ್ಲ. ಆದ್ರ ಅದನ್ನ ಹರಡೋ ಏಡಿಸ್ ಸೊಳ್ಳಿ, ನಮ್ಮಲ್ಲಿ ಡೆಂಗಿ ತರೋದ ಅದು, ಊರ ತುಂಬ ಐತಿ. ಒಬ್ಬ ರೋಗಿ ಬಂದ್ರ ಸಾಕು, ಕಟ್ಟಿಗಿ ಒಟ್ಟಿಟ್ಟ ಕಡಿ ಕಿಡಿ ಬಿದ್ದಂಗ. ಅದಕ್ಕ ಸರ್ಟಿಫಿಕೇಟ್ ಇಲ್ಲದ ಅಲ್ಲಿಂದ ವಾಪಸ್ ಬಂದವ್ರನ್ನ ನಮ್ಮ ವಿಮಾನ ನಿಲ್ದಾಣದಾಗ ಆರು ದಿನದ ತನಕ ಕ್ವಾರಂಟೈನ್ ಇಡಬಹುದು. ಈ ಲಸಿಕಿ ಎಲ್ಲಾ ದವಾಖಾನ್ಯಾಗ ಸಿಗಂಗಿಲ್ಲ, ಸರಕಾರ ಗೊತ್ತು ಮಾಡಿದ ಸೆಂಟರ್‌ಗಳಾಗಷ್ಟ, ಬೆಂಗಳೂರು, ಹೈದರಾಬಾದ್‌ನಂಥ ಕಡಿ, ರಾಯಚೂರಿನವ್ರಿಗೆ ಹೈದರಾಬಾದ್ ಸಮೀಪ. ಹಾಕಿಸ್ಕೊಂಡು ಹತ್ತು ದಿನ ಆದ ಮ್ಯಾಲ ಸರ್ಟಿಫಿಕೇಟ್ ಊರ್ಜಿತ. 2016ರಿಂದ ಒಂದ ಸಲ ಹಾಕಿಸಿದ್ರ ಜೀವನಪೂರ್ತಿ ನಡೀತೈತಿ. ತತ್ತಿ ಅಲರ್ಜಿ ಇದ್ದವ್ರು, ಬಸರಿದ್ದವ್ರು, 60 ದಾಟಿದವ್ರು ಮೊದಲ ಡಾಕ್ಟರಿಗೆ ಹೇಳಬೇಕು. ಜೋಡಿಗೆ ಟೈಫಾಯ್ಡ್, ಹೆಪಟೈಟಿಸ್, ಟಿಟಿ, ಹಳ್ಳ್ಯಾಗ ಇರೋರಿಗೆ ನಾಯಿ ಕಡತಕ್ಕ ಮುಂಚೇನ ಹಾಕೋ ರೇಬೀಸ್ ಲಸಿಕಿ, ಇವನ್ನೆಲ್ಲಾ ಎರಡು ತಿಂಗಳು ಮೊದಲ ಶುರು ಮಾಡ್ರಿ.

ಮಲೇರಿಯಾ ಹಗುರ ತಿಳ್ಕೋಬ್ಯಾಡ್ರಿ. ಜಗತ್ತಿನ ಮಲೇರಿಯಾದಾಗ ನೂರಕ್ಕ ತೊಂಬತ್ತಕ್ಕಿಂತ ಹೆಚ್ಚು ಆಫ್ರಿಕಾದಾಗ ಐತಿ, ಅದೂ ಮಿದುಳಿಗೆ ಏರೋ ಫಾಲ್ಸಿಪಾರಂ ನಮೂನಿ. ಸಣ್ಣವಿದ್ದಾಗ ನನಗ ಮಲೇರಿಯಾ ಬಂದು ಹೋಗೈತಿ, ಏನಾಗಲ್ಲ ಅನ್ನೋ ಮಾತು ಅಲ್ಲಿ ನಡೆಯಂಗಿಲ್ಲ. ಔಷಧ ಹಚ್ಚಿದ ಸೊಳ್ಳಿ ಪರದಿ, ಜೋಡಿಗೆ ಡಾಕ್ಟರ್ ಬರಕೊಟ್ಟ ತಡೆಗುಳಿಗಿ. ಕೆಲವು ಗುಳಿಗಿ ದಿನಾ, ಕೆಲವು ವಾರಕ್ಕೊಂದು. ಡಾಕ್ಸಿಸೈಕ್ಲಿನ್ ಕೊಟ್ಟಿದ್ರ ಊರಿಗೆ ವಾಪಸ್ ಬಂದ ಮ್ಯಾಲನೂ ನಾಲ್ಕು ವಾರ ನುಂಗಬೇಕು, ಭಾಳ ಮಂದಿ ಇದನ್ನ ನಡುವ ಬಿಡ್ತಾರ. ನಮ್ಮ ಓಣಿ ಹುಡುಗಿಯಂಥ ನರ್ಸ್‌ಗಳಿಗೆ ಇನ್ನೊಂದು ಮಾತು, ಸೂಜಿ ಚುಚ್ಚಿದ್ರ ಎಚ್‌ಐವಿ ತಡೆಯೋ ಗುಳಿಗಿ 72 ತಾಸಿನೊಳಗ ಶುರು ಆಗಬೇಕು, ಅದು ಅಲ್ಲಿ ಯಾರ ಕಡಿ ಸಿಗ್ತೈತಿ ಅಂತ ಮೊದಲ ದಿನನ ಕೇಳಿಟ್ಕೋಬೇಕು.

ಊಟ, ಮಾತು, ಗಡಿಯಾರ

ಆಫ್ರಿಕಾ ಅಂದ್ರ ಬರೀ ಬಿಸಿಲು ಅಂತ ಬಳ್ಳಾರಿಯವ್ರು ಸ್ವೆಟರ್ ಬಿಟ್ಟು ಹೋಗಬ್ಯಾಡ್ರಿ. ಅಡಿಸ್ ಅಬಾಬ ಊಟಿಗಿಂತ ಎತ್ತರ ಐತಿ, 2,300 ಮೀಟರ್ ದಾಟ್ತೈತಿ, ರಾತ್ರಿ ಥಂಡಿ ಹಿಡಿತೈತಿ.

ನಮ್ಮ ಕಡಿ ಲಿಂಗಾಯತ್ರ ಮನಿ ಹುಡುಗ್ರು ಮೊದಲ ಕೇಳೋದ "ಅಲ್ಲಿ ಶಾಖಾಹಾರ ಸಿಗ್ತೈತೇನು?" ಇಥಿಯೋಪಿಯಾದಾಗ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿತಾರ, ಅವತ್ತು ಮಾಂಸ, ಹಾಲು, ತುಪ್ಪ, ತತ್ತಿ ಏನೂ ಮುಟ್ಟಂಗಿಲ್ಲ, ಹೋಟೆಲಿನ್ಯಾಗೂ ಆ ಊಟ ಸಿಗ್ತೈತಿ. ಶಿರೋ ಅಂತ ಕಡ್ಲಿಹಿಟ್ಟಿನ ಪಲ್ಯ ಮಾಡ್ತಾರ, ನಮ್ಮ ಜುಣಕದ ತಂಗಿ ಅನ್ರಿ. ಅದನ್ನ ತೆಫ್ ಅನ್ನೋ ಸಣ್ಣ ಕಾಳಿನ ಹುಳಿ ಹಿಟ್ಟಿಂದ ದೋಸಿ ಹಂಗ ಹೊಯ್ದ ಇಂಜೆರಾ ಮ್ಯಾಲ ಬಡಿಸಿ, ಎಲ್ಲಾರೂ ಒಂದ ತಾಟಿನ್ಯಾಗ ಬಲಗೈಲೆ ಉಣ್ತಾರ. ಬಂದವ್ರ ಬಾಯಿಗೆ ತುತ್ತು ಇಡೋ ಪದ್ಧತಿ ಐತಿ, ಗುರ್ಷಾ ಅಂತಾರ, ಅದು ಪ್ರೀತಿ, ಮಡಿ-ಮೈಲಿಗಿ ಅಂತ ಹಿಂದಕ ಸರದ್ರ ಮನಸ್ಸು ನೋಯ್ತೈತಿ. ಕೀನ್ಯಾ, ಟಾಂಜಾನಿಯಾದಾಗ ಉಗಾಲಿ, ಗೋವಿನಜೋಳದ ಹಿಟ್ಟಿನ್ಯಾಗ ಮಾಡಿದ ನಮ್ಮ ಸಂಗಟಿಯಂಥದ್ದು. ಒಂದು ಸಣ್ಣ ಕುಕ್ಕರ್ ಒಯ್ರಿ, ಅಷ್ಟ ಸಾಕು.

ಕೀನ್ಯಾ, ಟಾಂಜಾನಿಯಾ ಕಡಿ ಆಡೋ ಸ್ವಾಹಿಲಿ ಭಾಷಾ ಕಲಿಯೋದು ನಮ್ಮ ಕಡಿಯವ್ರಿಗೆ ಸರಳ. ಅಂಗಡಿಗೆ ಅಲ್ಲಿ ದುಕಾ ಅಂತಾರ, ನಿಜಾಮನ ಕಾಲದಿಂದ ನಮ್ಮ ಬಾಯಾಗ ಇರೋ ದುಕಾನ್ ಅದ. ಗಾಡಿಗೆ ಗಾರಿ, ಚಹಾಕ್ಕ ಚಾಯ್, ಚಪಾತಿಗೆ ಚಪಾತಿನ, ಹಿಂದೂ ಮಹಾಸಾಗರದ ವ್ಯಾಪಾರದ ಜೋಡಿ ಹೋದ ಶಬ್ದ ಇವು. ದೊಡ್ಡವ್ರಿಗೆ ಶಿಕಮೂ ಅನ್ನಬೇಕು, ಅವ್ರು ಮರಹಬಾ ಅಂತಾರ, ನಾವು ಶರಣ್ರಿ ಅಂದಂಗ. ಅದನ್ನ ಬಿಟ್ಟು ಸೀದಾ ಕೆಲಸದ ಮಾತಿಗೆ ಇಳಿದ್ರ ಒರಟ ಅನಸ್ತೈತಿ. ಪಶ್ಚಿಮ ಆಫ್ರಿಕಾದಾಗ ಹೆಚ್ಚಾಗಿ ಫ್ರೆಂಚ್ ಬೇಕು, ಮೊಜಾಂಬಿಕ್, ಅಂಗೋಲಾದಾಗ ಪೋರ್ಚುಗೀಸ್.

ಗಡಿಯಾರದ ವಿಷಯ ಮರಿಬ್ಯಾಡ್ರಿ. ಸ್ವಾಹಿಲಿ ಮಾತಾಡೋರು, ಇಥಿಯೋಪಿಯಾದವ್ರು ತಾಸಿನ ಲೆಕ್ಕ ಹೊತ್ತು ಹುಟ್ಟಿದಾಗಿಂದ ಶುರು ಮಾಡ್ತಾರ, ನಮ್ಮ ಮುಂಜಾನಿ 7 ಗಂಟಿ ಅವ್ರಿಗೆ ಒಂದು ಗಂಟಿ. "ಮೂರಕ್ಕ ಮೀಟಿಂಗ್" ಅಂದ್ರ ಮುಂಜಾನಿ 9 ಇರಬಹುದು. ಯಾವ ಲೆಕ್ಕ ಅಂತ ಕೇಳೇ ಹೋಗ್ರಿ.

ರೊಕ್ಕ, ಫೋನು

ಕೀನ್ಯಾದಾಗ 2007ರಿಂದ ಎಂ-ಪೆಸಾ ಐತಿ, ನಮ್ಮ ಫೋನ್‌ಪೇ ಬರೋ ಎಷ್ಟೋ ವರ್ಷ ಮೊದಲ, ಕೀಪ್ಯಾಡ್ ಫೋನಿನ್ಯಾಗ ಇಂಟರ್‌ನೆಟ್ ಇಲ್ಲದ ನಡೀತೈತಿ. ನಿಮ್ಮ ಭಾರತದ ಸಿಮ್ ಬಂದ್ ಆಗದಂಗ ರಿಚಾರ್ಜ್ ಮಾಡಿಸ್ತಿರ್ರಿ, ರೋಮಿಂಗ್ ಚಾಲೂ ಇಡ್ರಿ, ಬ್ಯಾಂಕಿನ ಓಟಿಪಿ ಬರೋದು ಅದಕ್ಕ. ಕೀನ್ಯಾ, ಉಗಾಂಡ, ಟಾಂಜಾನಿಯಾದ ಪ್ಲಗ್ಗಿಗೆ ಮೂರು ಚಪ್ಪಟಿ ಕಾಲು, ಅಡಾಪ್ಟರ್ ಬೇಕು.

ಮನಸ್ಸಿನ ತಯಾರಿ

1960ರಾಗ ಕಲೆರ್ವೊ ಒಬರ್ಗ್ ಅನ್ನೋ ಮಾನವಶಾಸ್ತ್ರಜ್ಞ ಕಲ್ಚರ್ ಶಾಕ್ ಬಗ್ಗೆ ಬರೆದ. ಹೊಸಾ ದೇಶಕ್ಕ ಹೋದಾಗ ಮೊದಲು ಎಲ್ಲಾ ಚಂದ, ಆಮ್ಯಾಲ ಸಣ್ಣ ಸಣ್ಣದಕ್ಕೂ ಸಿಟ್ಟು, ದುಃಖ, ಆಮ್ಯಾಲ ನಿಧಾನ ಹೊಂದಿಕಿ. ಇದು ನಮ್ಮ ಹೆಣ್ಮಕ್ಕಳಿಗೆ ಯಾರೂ ಹೇಳಿ ಕೊಡಬೇಕಾಗಿಲ್ಲ. ಗಂಡನ ಮನಿಗೆ ಹೋದ ಮೊದಲ ತಿಂಗಳು ಎಲ್ಲಾರೂ ನೋಡಾಕ ಬರ್ತಾರ, ಸಂಭ್ರಮ. ಮೂರನೇ ತಿಂಗಳಿಗೆ ಸಾರಿನ ರುಚಿ ಬ್ಯಾರೆ, ಮಾತಿನ ಧಾಟಿ ಬ್ಯಾರೆ, ನಕ್ಕಿದ್ದು ಯಾಕಂತ ತಿಳಿಯಂಗಿಲ್ಲ, ಹಿತ್ತಲದಾಗ ನಿಂತು ಅಳು ಬರ್ತೈತಿ. ವರ್ಷ ಆಗೋದ್ರಾಗ ಅದ ತನ್ನ ಮನಿ ಆಗ್ತೈತಿ. ನಾನು ಇದನ್ನ ಹೇಳಿದಾಗ ಆ ಅವ್ವ ತಲಿ ಆಡಿಸಿದ್ರು, ಮತ್ತೇನೂ ವಿವರಿಸಬೇಕಾಗಲಿಲ್ಲ. ಅದಕ್ಕ ಮೂರನೇ, ನಾಲ್ಕನೇ ತಿಂಗಳಿಗೆ ಮಗಳು ಫೋನಿನ್ಯಾಗ ಅತ್ರ "ಬಿಟ್ಟು ಬಂದ್ಬಿಡು" ಅಂತ ಒಮ್ಮೆಲೆ ಅನ್ನಬ್ಯಾಡ್ರಿ, ಒಂದು ವಾರ ಕೇಳ್ರಿ. ಜೀವಕ್ಕ ಅಪಾಯ ಐತಿ, ಮರ್ಯಾದಿಗೆ ಕುಂದು ಬಂತು ಅಂದ್ರ ಮಾತು ಬ್ಯಾರೆ, ಆಗ ಅದ ದಿನ ಸಂಸ್ಥೆಗೆ ತಿಳಿಸಿ ಹೊರಗ ಬರಬೇಕು.

ಅಪಾಯದ ಮಾತು ಬಂತಂತ ಹೇಳ್ತೀನಿ. 2023ರ ಏಪ್ರಿಲ್‌ನ್ಯಾಗ ಸುಡಾನದಾಗ ಯುದ್ಧ ಶುರು ಆದಾಗ ಗಿಡಮೂಲಿಕಿ ಎಣ್ಣಿ ಮಾರಾಕ ಹೋದ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕೊಂಡಿದ್ರು, ಭಾರತ ಸರಕಾರದ ಆಪರೇಷನ್ ಕಾವೇರಿಯಿಂದ ಅವ್ರನ್ನ ಸೌದಿಯ ಜೆಡ್ಡಾ ಮ್ಯಾಲ ಕರಕೊಂಡು ಬಂದ್ರು. ಯಾರು ಎಲ್ಲಿ ಅದಾರ ಅಂತ ಗೊತ್ತಿದ್ರ ಕರಕೊಂಡು ಬರೋದು ಲಗೂ ಆಗ್ತೈತಿ. ಅದಕ್ಕ ಅಲ್ಲಿಗೆ ಮುಟ್ಟಿದ ಮೊದಲ ವಾರದಾಗನ ಭಾರತದ ರಾಯಭಾರ ಕಚೇರಿಯೊಳಗ ಹೆಸರು ಬರಸ್ರಿ. ವಿದೇಶಾಂಗ ಇಲಾಖಿಯ ಮದದ್ ಪೋರ್ಟಲ್ ಐತಿ, ಮನಿಯವ್ರು ಇಲ್ಲಿಂದನ ದೂರು ಕೊಡಬಹುದು.

ಮೋಸ ಹೆಂಗ ಗುರುತು ಹಿಡಿಯೋದು

ಯುಎನ್ ವಾಲಂಟಿಯರ್ಸ್ ಅರ್ಜಿಗೂ, ಇಂಟರ್ವ್ಯೂಗೂ, ಟ್ರೇನಿಂಗಿಗೂ ಒಂದು ರೂಪಾಯಿ ತಗೊಳ್ಳಂಗಿಲ್ಲ. ಅದರ ಹೆಸರು ಹೇಳಿ ಯಾರರ "ಪ್ರೊಸೆಸಿಂಗ್ ಫೀ" ಕೇಳಿದ್ರ ಅದು ಸುಳ್ಳು. ಜಿಮೇಲಿನಿಂದ ಬಂದ ಆಫರ್ ಲೆಟರ್, ಇಂಟರ್ವ್ಯೂ ಇಲ್ಲದ ಸೆಲೆಕ್ಷನ್, ಪಾಸ್‌ಪೋರ್ಟ್ ನಮ್ಮ ಕಡಿ ಇಡ್ರಿ ಅನ್ನೋ ಏಜೆಂಟ್, ಇವು ಮೂರೂ ಬಿಟ್ಟು ದೂರ ನಿಂದ್ರೋ ಗುರುತು. ಏಜೆಂಟ್ ನೋಂದಣಿ ಆಗ್ಯಾನೋ ಇಲ್ಲೋ ಅಂತ ಸರಕಾರದ ಇ-ಮೈಗ್ರೇಟ್ ವೆಬ್‌ಸೈಟಿನ್ಯಾಗ ನೋಡಬಹುದು.

ವಾಪಸ್ ಬಂದ ಮ್ಯಾಲ

ಅವ್ವ ಕಡಿಗೆ ಕೇಳಿದ್ದು ಇದನ್ನ, "ಬಂದ ಮ್ಯಾಲ ಏನರ ನೋಡ್ಕೋಬೇಕೇನು?" ಹೂಂ. ಬಂದ ಮ್ಯಾಲ ಕೆಲವು ತಿಂಗಳ ತನಕ ಯಾವಾಗ ಜ್ವರ ಬಂದ್ರೂ ಡಾಕ್ಟರಿಗೆ ಮೊದಲ "ಆಫ್ರಿಕಾದಾಗ ಇದ್ದೆ" ಅಂತ ಹೇಳಬೇಕು, ಅದ ದಿನ ಮಲೇರಿಯಾ ರಕ್ತಪರೀಕ್ಷೆ ಮಾಡಿಸಬೇಕು. ಅಲ್ಲಿ ಮಾಡಿದ ಕೆಲಸದ ಸರ್ಟಿಫಿಕೇಟ್, ಮೇಲಧಿಕಾರಿಯ ಪತ್ರ ಅಲ್ಲಿ ಇದ್ದಾಗನ ತಗೊಂಡು ಬರಬೇಕು, ಆಮ್ಯಾಲ ತರಿಸೋದು ಕಷ್ಟ. ಮತ್ತ ಬಂದ ಹೊಸದ್ರಾಗ ನಮ್ಮೂರ ಅವಳಿಗೆ ಪರಕೀಯ ಅನಸ್ತೈತಿ, ಸುಮ್ನ ಕುಂತಿರ್ತಾಳ, ಅದು ಸಹಜ.

ಹುಡುಗಿ ಅರ್ಜಿ ಹಾಕ್ಯಾಳ. ಪಾಸ್‌ಪೋರ್ಟ್ ಬಂದೈತಿ, ಸರ್ಟಿಫಿಕೇಟ್ ಮುದ್ರಿಗೆ ಹೋಗ್ಯಾವ. ಅವ್ರವ್ವ ನಿನ್ನೆ ಗುರೆಳ್ಳು ಹುರದು ಪುಡಿ ಮಾಡಿ ಡಬ್ಬಿಗೆ ತುಂಬಾಕತ್ತಿದ್ರು, ಇನ್ನೂ ಯಾವ ದೇಶ ಅಂತ ಗೊತ್ತಾಗಿಲ್ಲ.